ತಾಳೆಯಾಗದ ಬಾಬ್ತು

ಕಾಯಿಲೆಯ ಮಗುವನ್ನು ಎತ್ತಿಕೊಂಡು ವೈದ್ಯರ ಬಳಿಗೆ ಹೋದ ತಾಯಂದಿರಿಗೆಲ್ಲ ಒಂದು ಅನುಭವ ಉಂಟು. ರಾತ್ರಿಯೆಲ್ಲ ಕೆಂಡದಂತೆ ಸುಡುತ್ತಿದ್ದ ಮೈ ಔಷಧಾಲಯದ ಮೆಟ್ಟಿಲು ಹತ್ತುತ್ತಲೇ ತಣ್ಣಗಾಗಿಬಿಡುತ್ತದೆ. ಕಣ್ಣು ಬಿಡದೆ ನರಳುತ್ತಿದ್ದ ಮಗು ವೈದ್ಯರ ಕೊರಳಿನ ಸ್ಟೆತಾಸ್ಕೋಪು ಹಿಡಿದು ನಗುತ್ತದೆ. ವೈದ್ಯರು ತಾಯಿಯ ಮುಖ ನೋಡುತ್ತಾರೆ. ತಾಯಿ ನೆಲ ನೋಡುತ್ತಾಳೆ. ಕಂಪ್ಯೂಟರಿನ ಜಾತಿಯೂ ಇದೇ. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಮೂರ್ಛೆ ಹೋಗುವ ಯಂತ್ರ, ದುರಸ್ತಿಯವನ ಮೇಜಿನ ಮೇಲೆ ಎರಡು ದಿನ ಕುಳಿತರೂ ಒಮ್ಮೆ ಸೀನುವುದೂ ಇಲ್ಲ.

ಮೈಸೂರಿನ ಸರಸ್ವತೀಪುರದ ರಾಯರಿಗೆ ಈ ಸತ್ಯದ ದರ್ಶನವಾದದ್ದು 2024ರ ಏಪ್ರಿಲ್ ತಿಂಗಳಲ್ಲಿ.

ರಾಯರು ಮೂವತ್ತು ವರ್ಷ ಸರ್ಕಾರಿ ಲೆಕ್ಕಪತ್ರಗಳ ತನಿಖೆಯಲ್ಲಿ ಕೂದಲು ನರೆಸಿಕೊಂಡವರು. ಖರ್ಚಿನ ಪಕ್ಕದಲ್ಲಿ ರಸೀದಿ ಕಾಣದಿದ್ದರೆ ಅವರ ಕೆಂಪು ಪೆನ್ಸಿಲು ತಾನಾಗಿಯೇ ಮೇಲೇಳುತ್ತಿತ್ತು. ಅವರು ನಿವೃತ್ತರಾದ 2023ರಲ್ಲಿಯೇ, ತಡವಾಗಿ ಹುಟ್ಟಿದ ಒಬ್ಬನೇ ಮಗ ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮೇಲೆ ಅಂಕ ಪಡೆದ. ಅಷ್ಟು ಬಂದರೆ ಆಟದ ಕಂಪ್ಯೂಟರು ಕೊಡಿಸುವುದಾಗಿ ಮಾತು ಕೊಟ್ಟದ್ದಾಗಿತ್ತು. ಹುಡುಗ ವಾರಗಟ್ಟಲೆ ಯೋಚಿಸಿ, ಬೇಕಾದ ಭಾಗಗಳ ಪಟ್ಟಿಯನ್ನು ನೋಟುಪುಸ್ತಕದ ಹಾಳೆಯ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟ. ರಾಯರು ಆ ಪಟ್ಟಿ ಹಿಡಿದು ಅಂಗಡಿಗೆ ಹೋಗಿ, ಅಲ್ಲಿಯೇ ಜೋಡಿಸಿಸಿ, ಸಂಜೆಗೆ ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. “ನೀನು ಬರೆದುಕೊಟ್ಟ ಹಾಗೆಯೇ ತಂದಿದೀನಿ ಕಣೋ” ಎಂದರು. ಒಂದು ಪಕ್ಕಕ್ಕೆ ಗಾಜು, ಒಳಗೆ ನೀಲಿಯ ದೀಪ. ನೋಡಿದ ಮನೆಯಾಕೆ, “ಇದೇನು, ಗಣಪತಿಯ ಮಂಟಪದ ಹಾಗಿದೆಯಲ್ಲ!” ಎಂದು ಅಂದೇ ಒಂದು ಹೂವನ್ನೂ ಇಟ್ಟರು. ಹುಡುಗ ಅದನ್ನು ಆಮೇಲೆ ಮೆಲ್ಲಗೆ ತೆಗೆದ.

ಹತ್ತು ತಿಂಗಳು ಸುಖವಾಗಿ ಕಳೆದವು. ಮೊದಲ ಪಿ.ಯು.ಸಿ. ಪರೀಕ್ಷೆ ಮುಗಿದು ರಜ ಬಂದಿತು. ಹುಡುಗ ಹೊಸದೊಂದು ಆಟ ಹಿಡಿದ. ಮೆಕ್ಸಿಕೋ ದೇಶದ ಬೆಟ್ಟ, ಮರುಭೂಮಿ, ಸಮುದ್ರತೀರಗಳ ನಡುವೆ ಕಾರು ಓಡಿಸುವ ಆಟ. ಹೆಸರು ಫೋರ್ಜಾ ಹೊರೈಜನ್ 5. ಅದರಲ್ಲಿ ಒಮ್ಮೊಮ್ಮೆ ಧೂಳಿನ ಬಿರುಗಾಳಿ ಏಳುತ್ತದೆ. ಆಕಾಶವೆಲ್ಲ ಕೆಂಪಾಗಿ, ದಾರಿ ಕಾಣದೆ, ಕಾರಿನ ದೀಪ ಮಾತ್ರ ಮಿಣುಕುತ್ತದೆ. ಆ ಬಿರುಗಾಳಿ ಎದ್ದ ಕೂಡಲೆ ರಾಯರ ಮನೆಯ ಯಂತ್ರ ಪ್ರಾಣ ಬಿಡಲಾರಂಭಿಸಿತು. ಕೆಲವು ಸಲ ಪರದೆ ನೀಲಿಯಾಗಿ ಇಂಗ್ಲಿಷಿನಲ್ಲಿ ಏನೋ ಕ್ಷಮಾಪಣೆ ಕೇಳಿ ನಿಲ್ಲುತ್ತಿತ್ತು. ಕೆಲವು ಸಲ ಕ್ಷಮೆಯೂ ಇಲ್ಲ, ಮಾತೂ ಇಲ್ಲ. ದೀಪ ಊದಿದ ಹಾಗೆ ಕಪ್ಪಾಗಿ, ತಾನೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ನೀಲಿಯ ಸಾವು ಆಟವಿಲ್ಲದಾಗಲೂ, ಸುಮ್ಮನೆ ಪಾಠ ಓದುವಾಗಲೂ ಬರುತ್ತಿತ್ತು. ಕಪ್ಪಿನ ಸಾವು ಬಿರುಗಾಳಿಯಲ್ಲಿ ಮಾತ್ರ. ಮನೆಯಲ್ಲಿ ಯಾರೂ ಈ ಎರಡನ್ನೂ ಬೇರೆ ಬೇರೆ ಎಂದು ಎಣಿಸಲಿಲ್ಲ. ಎಣಿಸಿದ್ದರೆ ಮೂರು ವಾರದ ಪಾಡು ಮೂರು ದಿನಕ್ಕೆ ಮುಗಿಯುತ್ತಿತ್ತು.

ಕಳವಾದ ಮನೆಯಲ್ಲಿ ಮೊದಲು ಅನುಮಾನ ಬೀಳುವುದು ಕಳ್ಳನ ಮೇಲಲ್ಲ, ಮೊದಲಿನಿಂದಲೂ ಕಂಡರಾಗದವನ ಮೇಲೆ. ರಾಯರಿಗೆ ಆಟ ಕಂಡರಾಗದು. ತಪ್ಪು ಆಟದ್ದೇ ಎಂದರು. ಮನೆಯಾಕೆಗೆ ಸಂಜೆಯ ವಿದ್ಯುತ್ತಿನ ಏರಿಳಿತ ಕಂಡರಾಗದು. ಮಿಕ್ಸಿ ಹಾಳಾದದ್ದೂ ಅದರಿಂದಲೇ ಎಂದು ಜ್ಞಾಪಿಸಿದರು. ಹುಡುಗ ತಂತ್ರಾಂಶದ ಮೇಲೆ ಹೊರಿಸಿದ. ತಂತ್ರಾಂಶದ ಮೇಲೆ ಹೊರಿಸುವುದರಲ್ಲಿ ಒಂದು ಅನುಕೂಲ: ಪೆಟ್ಟಿಗೆಯನ್ನು ಬಿಚ್ಚಬೇಕಾಗಿಲ್ಲ.

“ಈಚೆಗೆ ಇದರಲ್ಲಿ ಏನಾದರೂ ಬದಲಾಯಿಸಿದೆಯೇನೋ?” ಎಂದು ರಾಯರು ಮೊದಲ ದಿನವೇ ಕೇಳಿದರು. ರೋಗಿಯ ಮುಂದೆ ಕುಳಿತ ವೈದ್ಯ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

“ಏನೂ ಇಲ್ಲಪ್ಪ” ಎಂದ ಹುಡುಗ.

ಮೊದಲ ವಾರ ತಂತ್ರಾಂಶದ ಶುಶ್ರೂಷೆಯಲ್ಲಿ ಕಳೆಯಿತು. ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಸೇಫ್ ಮೋಡಿನಲ್ಲಿ ಬೇರುಸಹಿತ ತೆಗೆದು ಹೊಸದಾಗಿ ಹಾಕಿದ್ದಾಯಿತು. ಆಟವನ್ನು ಅಳಿಸಿ ಮತ್ತೆ ಇಳಿಸಿಕೊಂಡದ್ದಾಯಿತು, ಅದಕ್ಕೆ ಒಂದೂವರೆ ದಿನ ಹಿಡಿಯಿತು. ಕಡೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದ್ದಾಯಿತು. ಬಿರುಗಾಳಿ ಬಂದಿತು, ಯಂತ್ರ ಹೋಯಿತು.

ಎರಡನೆಯ ವಾರ ಆರೋಪ ಸೆಕೆಯ ಮೇಲೆ ಬಂದಿತು. ಮೈಸೂರಿನವರೂ ಬೆವರೊರೆಸಿಕೊಂಡ ಬೇಸಿಗೆ ಅದು. ಗಾಜಿನ ಪಕ್ಕವನ್ನು ತೆಗೆದಿಟ್ಟು, ಮೇಜಿನ ಫ್ಯಾನನ್ನು ಯಂತ್ರದ ಎದೆಗೆ ತಿರುಗಿಸಿದರು. ಮನೆಯವರೆಲ್ಲ ಬೆವರುತ್ತ ಕುಳಿತರು; ಯಂತ್ರ ತಂಗಾಳಿ ಸೇವಿಸಿತು. ಜಾಲರಿಗೆ ಹಿಡಿದಿದ್ದ ಧೂಳನ್ನು ಬಣ್ಣದ ಕುಂಚದಿಂದ ಕೊಡವಿದರು. ಪ್ರೊಸೆಸರಿನ ಬಿಸಿಯನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ ರಾಯರು ಐದೈದು ನಿಮಿಷಕ್ಕೊಮ್ಮೆ ಬರೆದುಕೊಂಡರು: 68, 71, 74. ಅದು ತಡೆಯಬಲ್ಲ ಮಿತಿ 95 ಡಿಗ್ರಿ ಎಂದು ಮಗ ಹೇಳಿದ್ದ. 74ರಲ್ಲಿಯೇ ಯಂತ್ರ ಕಣ್ಣು ಮುಚ್ಚಿತು. ಹೀಗೆ ಸೆಕೆಯೂ ದೋಷಮುಕ್ತವಾಯಿತು. ಅನುಮಾನವೊಂದನ್ನು ಅಂಕಿಯಿಂದ ಹೊಡೆದುಹಾಕಿದ್ದು ಆ ಮನೆಯಲ್ಲಿ ಅದೇ ಮೊದಲು. ರಾಯರ ಮುಖದಲ್ಲಿ ಹಳೆಯ ಕಚೇರಿಯ ಕಳೆ ಬಂದಿತು.

ಆದರೂ ಒಮ್ಮೆ ಬಲ್ಲವರಿಗೆ ತೋರಿಸೋಣವೆಂದು ಅಂಗಡಿಗೆ ಹೊತ್ತರು. ಅಲ್ಲಿ ನಡೆದದ್ದು ಮೊದಲೇ ಹೇಳಿದ ಮಗುವಿನ ಕಥೆ. ಅಂಗಡಿಯ ಹುಡುಗ ಎರಡು ದಿನ ಅದರಲ್ಲಿ ಸಿನಿಮಾ ಹಾಡು ಹಾಕಿಕೊಂಡು ಕೇಳಿದ. ಯಂತ್ರಕ್ಕೆ ಬಿರುಗಾಳಿಯ ನೆನಪೇ ಆಗಲಿಲ್ಲ. ಮೂರನೆಯ ದಿನ, ಬರಿಗೈಯಲ್ಲಿ ಕಳಿಸಬಾರದೆಂದೋ ಏನೋ, ತೀರ್ಪು ಬಂದಿತು.

“ಮದರ್‌ಬೋರ್ಡ್ ಹೋಗಿದೆ ಸಾರ್. ಎಂಟೂವರೆ ಸಾವಿರ ಆಗುತ್ತೆ.”

“ಏನು ಪರೀಕ್ಷೆ ಮಾಡಿ ಹೇಳಿದಿರಿ?”

“ಅನುಭವ ಸಾರ್.”

ರಾಯರು ತಮ್ಮ ಜೀವಮಾನದಲ್ಲಿ ಅನುಭವವೆಂಬ ರಸೀದಿಯ ಮೇಲೆ ಹಣ ಮಂಜೂರು ಮಾಡಿದವರಲ್ಲ. ಪೆಟ್ಟಿಗೆಯನ್ನು ಮನೆಗೆ ತಂದರು. ನಿವೃತ್ತಿವೇತನದಲ್ಲಿ ಎಂಟೂವರೆ ಸಾವಿರ ಸಣ್ಣ ಮೊತ್ತವಲ್ಲ. ಅದಕ್ಕಿಂತಲೂ, ತಪ್ಪು ಯಾರದೆಂದು ತಿಳಿಯದೆ ದಂಡ ಕಟ್ಟುವುದು ಅವರ ಜಾಯಮಾನಕ್ಕೆ ಒಗ್ಗದು.

ಆ ರಾತ್ರಿ ಊಟವಾದ ಮೇಲೆ ಬೀರುವಿನಿಂದ ಕಡತ ಹೊರಬಂದಿತು. ಕೊಂಡ ದಿನದ ರಸೀದಿ ಅದರಲ್ಲಿತ್ತು. ಹಾಲಿನಲ್ಲಿ ಹಳೆಯ ಪಂಚೆ ಹಾಸಿ, ಅದರ ಮೇಲೆ ಪೆಟ್ಟಿಗೆಯನ್ನು ಮಲಗಿಸಿ, ರಸೀದಿಯ ಒಂದೊಂದು ಬಾಬ್ತನ್ನೂ ರಾಯರು ಓದುವುದು, ಹುಡುಗ ಅದನ್ನು ಬೆರಳಿಟ್ಟು ತೋರಿಸುವುದು ಎಂದಾಯಿತು. ಒಳಗೆ ಕೈಯಿಡುವ ಮೊದಲು ಬರಿಯ ಲೋಹವನ್ನು ಮುಟ್ಟಬೇಕು, ಮೈಯಲ್ಲಿ ಸೇರಿಕೊಂಡ ವಿದ್ಯುತ್ತು ಚಿಪ್ಪಿಗೆ ತಗುಲಬಾರದು ಎಂದು ಹುಡುಗ ತಂದೆಗೆ ಕಲಿಸಿದ. ಮಡಿಯ ಮನೆಯಲ್ಲಿ ಬೆಳೆದ ರಾಯರಿಗೆ ಈ ನಿಯಮ ಸುಲಭವಾಗಿ ಅರ್ಥವಾಯಿತು.

“ಪ್ರೊಸೆಸರು, ಒಂದು.”

“ಇದೆ.”

“ಗ್ರಾಫಿಕ್ಸ್ ಕಾರ್ಡು, ಒಂದು.”

“ಇದೆ.”

“ರ‍್ಯಾಮ್, ಎಂಟು ಜಿ.ಬಿ., ಒಂದು.”

ಹುಡುಗ ಮಾತಾಡಲಿಲ್ಲ. ಬೋರ್ಡಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಪಟ್ಟಿಗಳು ನೆಟ್ಟಗೆ ನಿಂತಿದ್ದವು. ಒಂದು ಕಪ್ಪು, ಒಂದು ಹಸಿರು. ರಾಯರು ಕನ್ನಡಕದ ಮೇಲಿನಿಂದ ಪಟ್ಟಿಗಳನ್ನೂ, ಕೆಳಗಿನಿಂದ ರಸೀದಿಯನ್ನೂ ನೋಡಿದರು. ರಸೀದಿಯ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ 2 ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮುಂದಿನ ಬಾಬ್ತಿಗೆ ಹೋದರು. ಒಂದು ಮಾತೂ ಆಡಲಿಲ್ಲ. ಮೂವತ್ತು ವರ್ಷದ ಅನುಭವದಲ್ಲಿ ಅವರು ಕಂಡುಕೊಂಡದ್ದು: ಷರಾ ಬರೆದು ಸುಮ್ಮನಿದ್ದರೆ ಗುಮಾಸ್ತ ತಾನಾಗಿಯೇ ಬರುತ್ತಾನೆ. ಕೊನೆಯ ಬಾಬ್ತು ಪವರ್ ಸಪ್ಲೈ. ಅದನ್ನು ಮಾತ್ರ ರಾಯರು ಕೊಂಚ ಅವಸರದಲ್ಲಿ ಓದಿ ಕಡತ ಮುಚ್ಚಿದರು. ಅದು ಕೆಳಗಡೆ ತಗಡಿನ ಮುಚ್ಚಳದೊಳಗೆ ಅಡಗಿತ್ತು. ತೋರಿಸೆಂದು ಅವರು ಕೇಳಲಿಲ್ಲ, ಹುಡುಗನೂ ತೋರಿಸಲಿಲ್ಲ.

ನೆನಪಿನ ಪಟ್ಟಿಗಳನ್ನು ಪರೀಕ್ಷಿಸಲು ಮೆಮ್‌ಟೆಸ್ಟ್ ಎಂಬ ಪುಟ್ಟ ತಂತ್ರಾಂಶವುಂಟು. ಅದು ವಿಂಡೋಸಿನ ಹಂಗಿಲ್ಲದೆ ಪೆನ್ ಡ್ರೈವಿನಿಂದಲೇ ಎದ್ದು ನಿಲ್ಲುತ್ತದೆ. ನೆನಪಿನ ಒಂದೊಂದು ಕೋಣೆಯಲ್ಲೂ ಒಂದು ಅಂಕಿಯನ್ನು ಬರೆಯುತ್ತದೆ, ಹಿಂದಿರುಗಿ ಓದುತ್ತದೆ. ಬರೆದದ್ದೇ ಇದೆಯೆ ಎಂದು ತಾಳೆ ನೋಡುತ್ತದೆ. ಇಷ್ಟನ್ನೇ ಗಂಟೆಗಟ್ಟಲೆ ಬೇಸರವಿಲ್ಲದೆ ಮಾಡುತ್ತದೆ. ರಾಯರಿಗೆ ಕಂಪ್ಯೂಟರಿನ ಲೋಕದಲ್ಲಿ ಮೊದಲ ಬಾರಿಗೆ ತಮ್ಮ ಜಾತಿಯವರೊಬ್ಬರು ಸಿಕ್ಕ ಹಾಗಾಯಿತು. ತಂದೆ ಮಗ ಇಬ್ಬರೂ ಅದರ ಮುಂದೆ ಜಾಗರಣೆ ಕುಳಿತರು.

ನಿದ್ದೆ ಬಾರದಿರಲೆಂದು ಹುಡುಗ ಎಲ್ಲೋ ಓದಿದ್ದನ್ನು ಹೇಳಿದ. 2003ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಚುನಾವಣೆಯಲ್ಲಿ, ಸ್ಖಾರ್‌ಬೀಕ್ ಎಂಬಲ್ಲಿ, ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4096. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದು. ಯಂತ್ರದ ನೆನಪಿನಲ್ಲಿ ಒಂದೇ ಒಂದು ಸೊನ್ನೆ ಒಂದಾಗಿ ತಿರುಗಿಕೊಂಡರೆ ಲೆಕ್ಕ ಅಷ್ಟಕ್ಕೆ ತಪ್ಪುತ್ತದೆ. ಆಕಾಶದಾಚೆಯಿಂದ ಬಂದ ವಿಶ್ವಕಿರಣವೊಂದು ತಗುಲಿ ಹಾಗಾಗಿರಬಹುದೆಂದು ಊಹಿಸಿದರು, ರುಜುವಾತಾಗಲಿಲ್ಲ.

“ಸಿಕ್ಕಿದ್ದು ಹೇಗೆ?” ಎಂದರು ರಾಯರು. ಅವರಿಗೆ ವಿಶ್ವಕಿರಣದಲ್ಲಿ ಆಸಕ್ತಿ ಇರಲಿಲ್ಲ.

“ಅಭ್ಯರ್ಥಿಯ ಮತ ಪಕ್ಷದ ಮತಕ್ಕಿಂತ ಜಾಸ್ತಿ ಇತ್ತಂತೆ.”

“ನೋಡಿದೆಯಾ, ತಾಳೆ ನೋಡಿದ್ದರಿಂದ ಸಿಕ್ಕಿತು” ಎಂದು ರಾಯರು ತೊಡೆ ತಟ್ಟಿಕೊಂಡರು. ಅಷ್ಟರಲ್ಲಿ ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿತು. ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಹತ್ತಾರು. ಬರೆದದ್ದೊಂದು, ಓದಿದ್ದೊಂದು.

ಹುಡುಗ ಬಹಳ ಹೊತ್ತು ಆ ಕೆಂಪನ್ನೇ ನೋಡುತ್ತಿದ್ದ. ಆಮೇಲೆ, “ಅಪ್ಪ, ಆ ಹಸಿರು ಪಟ್ಟಿ ನಾನು ಹಾಕಿದ್ದು” ಎಂದ.

“ರಸೀದಿಯಲ್ಲಿ ಒಂದೇ ಇದೆ.”

“ಮಾರ್ಚಿನಲ್ಲಿ ಒಬ್ಬ ಹುಡುಗ ಮಾರಿದ. ಹಳೆಯದು. ಪ್ರವೇಶ ಪರೀಕ್ಷೆ ಪುಸ್ತಕಕ್ಕೆ ನೀವು ಕೊಟ್ಟಿದ್ದ ದುಡ್ಡು. ಪುಸ್ತಕ ಸೀನಿಯರ್ ಒಬ್ಬರ ಹತ್ತಿರ ಇಸಕೊಂಡೆ.”

“ಎಷ್ಟು?”

“ಸಾವಿರದ ಇನ್ನೂರು.”

ರಾಯರು ಕಡತದಲ್ಲಿ 1,200 ಎಂದು ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಹುಡುಗನಿಗೆ ಹಗುರವಾಗುತ್ತಿತ್ತು. “ಈಗ ಒಂದೊಂದನ್ನೇ ಹಾಕಿ ನೋಡೋಣ” ಎಂದಷ್ಟೇ ಹೇಳಿದರು.

ಇಂಥ ಕೆಲಸದಲ್ಲಿ ಮನುಷ್ಯ ಎಡವುವುದು ಇಲ್ಲಿಯೇ. ನಾಲ್ಕು ಅನುಮಾನಗಳನ್ನು ಒಟ್ಟಿಗೆ ತಿದ್ದಿ ಯಂತ್ರ ಸರಿಹೋದರೆ, ಕಳ್ಳ ಯಾರೆಂದು ಕೊನೆಯವರೆಗೂ ಗೊತ್ತಾಗದು. ರಾಯರು ಹಾಗಾಗಗೊಡಲಿಲ್ಲ. ಕಪ್ಪು ಪಟ್ಟಿಯೊಂದನ್ನೇ ಹಾಕಿ ಒಂದು ರಾತ್ರಿ ಪೂರ್ತಿ ಓಡಿಸಿದರು. ಒಂದು ತಪ್ಪೂ ಬರಲಿಲ್ಲ. ಹಸಿರು ಪಟ್ಟಿಯೊಂದನ್ನೇ ಅದೇ ಜಾಗದಲ್ಲಿ ಹಾಕಿದರು, ಕೆಂಪು. ಅದನ್ನು ಪಕ್ಕದ ಜಾಗಕ್ಕೆ ಬದಲಾಯಿಸಿದರು, ಅಲ್ಲಿಯೂ ಕೆಂಪು. ತಪ್ಪು ಪಟ್ಟಿಯ ಜೊತೆಯಲ್ಲಿ ನಡೆದು ಬರುತ್ತಿತ್ತೇ ಹೊರತು ಜಾಗದಲ್ಲಿ ಉಳಿಯುತ್ತಿರಲಿಲ್ಲ. ಎಂಟೂವರೆ ಸಾವಿರದ ಮದರ್‌ಬೋರ್ಡು ನಿರಪರಾಧಿ. ರಾಯರು ಅಂದು ಮಧ್ಯಾಹ್ನ ಎರಡು ಬಾರಿ ಹೋಳಿಗೆ ಹಾಕಿಸಿಕೊಂಡರು. ಮಗನನ್ನು ಕ್ಷಮಿಸಿದ ತಂದೆಯ ಗಾಂಭೀರ್ಯ ಅವರ ನಡಿಗೆಯಲ್ಲಿ ಎರಡು ದಿನ ಇತ್ತು.

ಎರಡೇ ದಿನ. ನೀಲಿಯ ಪರದೆ ಮತ್ತೆ ಬರಲಿಲ್ಲ, ನಿಜ. ಆದರೆ ಮೂರನೆಯ ಸಂಜೆ ಮೆಕ್ಸಿಕೋದಲ್ಲಿ ಬಿರುಗಾಳಿ ಎದ್ದಿತು, ಯಂತ್ರ ಕಪ್ಪಾಯಿತು. ಒಂದು ರೋಗದ ಬೆನ್ನಿನಲ್ಲಿ ಇನ್ನೊಂದು ಅಡಗಿತ್ತು.

ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ. ಹುಡುಗ ಆ ದಿನಚರಿಯನ್ನು ತೆರೆದು ತೋರಿಸಿದ. ಪ್ರತಿಯೊಂದು ಸಾವಿನ ಎದುರಿನಲ್ಲೂ ಕರ್ನಲ್-ಪವರ್, 41 ಎಂಬ ಷರಾ ಇತ್ತು. ಇಂಟರ್ನೆಟ್ಟಿನಲ್ಲಿ ಈ 41ನ್ನು ರೋಗದ ಹೆಸರೆಂದು ತಿಳಿದು ಹಲುಬುವವರು ಅನೇಕರು. ರಾಯರು ಒಂದೇ ಓದಿಗೆ ಅದರ ಮರ್ಮ ಹಿಡಿದರು. “ನಿನ್ನೆ ಲೆಕ್ಕ ಮುಗಿಸದೆ ಗುಮಾಸ್ತ ಎದ್ದು ಹೋಗಿದಾನೆ ಅಂತ ಇವತ್ತು ಬೆಳಿಗ್ಗೆ ಬರೆದಿರೋದು ಇದು. ಯಾಕೆ ಹೋದ ಅಂತ ಇಲ್ಲಿಲ್ಲ.” ಬರೆಯಲು ಒಂದು ಕ್ಷಣವೂ ಸಿಗದ ಹಾಗೆ ಪ್ರಾಣ ಹೋಗಿದೆ ಎಂದರೆ, ಅನ್ನವೇ ನಿಂತುಹೋಗಿದೆ ಎಂದರ್ಥ. ಯಂತ್ರಕ್ಕೆ ಅನ್ನವಿಕ್ಕುವುದು ಪವರ್ ಸಪ್ಲೈ.

ಅಷ್ಟು ಹೇಳಿ ರಾಯರು ವಿಷಯ ಬದಲಾಯಿಸಿದರು. ಬೀದಿಯ ವೋಲ್ಟೇಜನ್ನು ಅಳೆಸಬೇಕೆಂದರು. ಮರುದಿನ ಎಲೆಕ್ಟ್ರಿಷಿಯನ್ ಬಂದು ಅಳೆದ, 228 ಇತ್ತು. ಸ್ಟೆಬಿಲೈಸರು ತರಬೇಕೆಂದರು, ಫ್ರಿಜ್ಜಿಗೂ ಟಿ.ವಿ.ಗೂ ಬೇಡವಾದದ್ದು ಇದಕ್ಕೊಂದಕ್ಕೇ ಏಕೆಂದು ಮನೆಯಾಕೆ ಕೇಳಿದರು. ಎರಡು ದಿನ ಹೀಗೆಯೇ ಸುತ್ತುಬಳಸಿನ ದಾರಿಯಲ್ಲಿ ಕಳೆದವು. ಹುಡುಗ ಏನೂ ಹೇಳಲಿಲ್ಲ. ಬೇರೆಯವರ ಬಾಬ್ತಿನಲ್ಲಿ ಹುಲಿಯಾದ ತನಿಖೆಗಾರ ತನ್ನದೇ ಬಾಬ್ತಿನ ಮುಂದೆ ಬಂದು ನಿಂತಾಗ ಅವನ ಕೆಂಪು ಪೆನ್ಸಿಲು ಎಲ್ಲಿಯೋ ಕಳೆದುಹೋಗುತ್ತದೆ.

ಮೂರನೆಯ ಬೆಳಿಗ್ಗೆ ರಾಯರು ಕಾಫಿ ಕುಡಿದವರೇ ಸ್ಕ್ರೂಡ್ರೈವರ್ ಹಿಡಿದು, ತಾವೇ ಕೆಳಗಿನ ತಗಡನ್ನು ಬಿಚ್ಚಿದರು. ಪವರ್ ಸಪ್ಲೈಯ ಮೇಲೆ ದೊಡ್ಡ ಅಕ್ಷರದಲ್ಲಿ 500 ಎಂದಿತ್ತು. ಕೆಳಗೆ, ಇರುವೆಯ ಕಾಲಿನಂಥ ಅಕ್ಷರದಲ್ಲಿ ಒಂದು ಕೋಷ್ಟಕ. ಹುಡುಗ ಬಂದು ಪಕ್ಕದಲ್ಲಿ ಕುಳಿತ. ಭೂತಗನ್ನಡಿ ಹಿಡಿದು ಇಬ್ಬರೂ ಓದಿದರು. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಆಹಾರ ಹೋಗುವುದು 12 ವೋಲ್ಟಿನ ದಾರಿಯಲ್ಲಿ. ಆ ದಾರಿಯ ಎದುರಿಗೆ 18 ಆಂಪಿಯರ್ ಎಂದು ಬರೆದಿತ್ತು. ರಾಯರು ರಸೀದಿಯ ಹಿಂಬದಿಯಲ್ಲಿ ಗುಣಿಸಿದರು: 216 ವ್ಯಾಟು. ಕೂಡಿದರು: ಪ್ರೊಸೆಸರಿಗೆ 65, ಕಾರ್ಡಿಗೆ 160, ಒಟ್ಟು 225. ಫ್ಯಾನುಗಳು ಬೇರೆ. ಸಾಲದ್ದಕ್ಕೆ, ಬಿರುಗಾಳಿಯಂಥ ದೃಶ್ಯ ಬಂದಾಗ ಗ್ರಾಫಿಕ್ಸ್ ಕಾರ್ಡು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಹೊತ್ತು ತನ್ನ ಪಾಲಿಗಿಂತ ಬಹಳ ಹೆಚ್ಚು ಎಳೆದುಕೊಳ್ಳುತ್ತದೆ. 12 ವೋಲ್ಟು 11.4ಕ್ಕಿಂತ ಕೆಳಗಿಳಿಯಬಾರದೆಂಬುದು ಕಟ್ಟಳೆ. ಬಡ ಸಪ್ಲೈ ಆ ಒಂದು ತುತ್ತನ್ನು ಬಡಿಸಲಾರದೆ ಬಾಗಿಲು ಹಾಕಿಕೊಳ್ಳುತ್ತದೆ. ಹಿಂದಿನ ಆಟಗಳ ಹಸಿವು ಸಣ್ಣದಿತ್ತು. ಹತ್ತು ತಿಂಗಳು ಬಯಲಾಗಲಿಲ್ಲ.

“ಐನೂರು ಅಂತ ಹೊರಗೆ ಬರೆದು, ಒಳಗೆ ಇನ್ನೂರ ಹದಿನಾರು!” ಎಂದರು ರಾಯರು. ಆಮೇಲೆ ಕಡತದಿಂದ ನೋಟುಪುಸ್ತಕದ ಹಳೆಯ ಹಾಳೆಯನ್ನು ತೆಗೆದು ರಸೀದಿಯ ಪಕ್ಕದಲ್ಲಿಟ್ಟರು. ಮುದ್ದಾದ ಅಕ್ಷರದ ಪಟ್ಟಿಯಲ್ಲಿ ಪವರ್ ಸಪ್ಲೈಯ ಮುಂದೆ ಇದ್ದ ಹೆಸರೇ ಬೇರೆ. ಅದರ ಕೆಳಗೆ ಹುಡುಗ ಎರಡು ಗೆರೆ ಬೇರೆ ಎಳೆದಿದ್ದ.

“ನೀನು ಬರೆದದ್ದು ಇದಲ್ಲ. ಅಂಗಡಿಯವನು ಎರಡೂ ಒಂದೇ ಅಂದ. ಎರಡು ಸಾವಿರದ ಎಂಟುನೂರು ಉಳಿಯುತ್ತಿತ್ತು. ನಿನಗೆ ಬರೆದ ಹಾಗೇ ತಂದೆ ಅಂದುಬಿಟ್ಟೆ.”

“ನನಗೆ ಗೊತ್ತಿತ್ತಪ್ಪ.”

“ಯಾವಾಗಿಂದ?”

“ಮಾರ್ಚಿಂದ. ಆ ಹಸಿರು ಪಟ್ಟಿ ಹಾಕೋಕೆ ಬಿಚ್ಚಿದಾಗ ನೋಡಿದೆ. ಕಾರ್ಡಿಗೆ ನೇರವಾದ ತಂತಿನೇ ಇರಲಿಲ್ಲ. ಎರಡು ಕನೆಕ್ಟರ್ ಸೇರಿಸಿ ಒಂದು ಮಾಡಿದ್ರು. ಅದನ್ನು ಹಿಡಕೊಂಡು ಕೆಳಗಿನ ತಗಡೂ ತೆಗೆದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ, ಪೆಟ್ಟಿಗೆ ಯಾಕೆ ಬಿಚ್ಚಿದೆ ಅಂತ ನೀವು ಕೇಳ್ತಿದ್ದಿರಿ.”

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಮನೆಯಾಕೆ ಬಾಗಿಲಿಗೆ ಬಂದು, ಪಂಚೆಯ ಮೇಲೆ ತಂತಿಗಳ ನಡುವೆ ಎದುರುಬದುರಾಗಿ ಕುಳಿತಿದ್ದ ಇಬ್ಬರನ್ನೂ ಒಂದು ಕ್ಷಣ ನೋಡಿ, ಏನೂ ಕೇಳದೆ ಒಳಕ್ಕೆ ಹೋದರು.

ಆ ಶನಿವಾರ ಬೆಳಗಿನ ರೈಲಿಗೆ ತಂದೆ ಮಗ ಇಬ್ಬರೂ ಬೆಂಗಳೂರಿಗೆ ಹೋದರು. ಎಸ್.ಪಿ. ರಸ್ತೆಯಲ್ಲಿ, ಅಂದರೆ ಕಂಪ್ಯೂಟರು ಕೊಳ್ಳುವ ಕರ್ನಾಟಕದ ಅರ್ಧ ಜನ ಎಂದಾದರೊಂದು ದಿನ ತಲೆ ಹಾಕುವ ಸಾದರ ಪತ್ರಪ್ಪನವರ ಆ ಇಕ್ಕಟ್ಟಿನ ಬೀದಿಯಲ್ಲಿ, ಹಳೆಯ ಪಟ್ಟಿ ಹುಡುಗನ ಕೈಯಲ್ಲಿತ್ತು. ರಾಯರು ಹಿಂದೆ ನಿಂತಿದ್ದರು. ಅಂಗಡಿಯವನು ಬೇರೊಂದನ್ನು ತೋರಿಸಿ, “ಎರಡೂ ಒಂದೇ ಸಾರ್” ಎಂದು ರಾಯರ ಕಡೆಗೆ ತಿರುಗಿದಾಗ ಅವರು ಕೆಮ್ಮಿದರು, ಅಷ್ಟೆ. ಹುಡುಗ ಆರಿಸಿದ ಪೆಟ್ಟಿಗೆಯ ಮೇಲೆ 550 ಎಂದಿತ್ತು. ರಾಯರು ಪೆಟ್ಟಿಗೆಯನ್ನು ಮಗುಚಿ ಹಿಂಬದಿಯ ಕೋಷ್ಟಕ ಹುಡುಕಿದರು. 12 ವೋಲ್ಟಿಗೆ 45 ಆಂಪಿಯರ್. ಕೈಯಲ್ಲೇ ಗುಣಿಸಿ, “ಐನೂರ ನಲವತ್ತು. ತಾಳೆಯಾಗುತ್ತೆ” ಎಂದು ಹಣ ಎಣಿಸಿದರು.

ಜೋಡಿಸುವ ಕೆಲಸ ಹುಡುಗನದೇ. ಹಳೆಯ ತಂತಿಗಳನ್ನು ಹಾಗೆಯೇ ಬಿಟ್ಟು ಹೊಸ ಪೆಟ್ಟಿಗೆಗೆ ಸಿಕ್ಕಿಸಬಾರದೆಂದು ಅವನು ಹೇಳಿದ. ಕಣ್ಣಿಗೆ ಒಂದೇ ತರಹ ಕಂಡರೂ ಒಳಗಿನ ಎಳೆಗಳ ಕ್ರಮ ಕಂಪೆನಿಯಿಂದ ಕಂಪೆನಿಗೆ ಬೇರೆ. ಒಂದು ಎಳೆ ಅದಲುಬದಲಾದರೆ ಸಾವಿರಾರು ರೂಪಾಯಿಯ ಕಾರ್ಡು ಚಿಟಿಕೆ ಹೊಡೆಯುವುದರಲ್ಲಿ ಸುಟ್ಟುಹೋಗುತ್ತದೆ. ರಾಯರು ಟಾರ್ಚು ಹಿಡಿದು ಕುಳಿತರು. ಮುಟ್ಟುವ ಮೊದಲು ಲೋಹ ಮುಟ್ಟುವುದನ್ನು ಮಾತ್ರ ಪ್ರತಿ ಸಲವೂ ಜ್ಞಾಪಿಸಿದರು.

ರಾತ್ರಿ ಒಂಬತ್ತಕ್ಕೆ ಮೆಕ್ಸಿಕೋದ ಬಾಗಿಲು ತೆರೆಯಿತು. ಅಂದು ಬಿರುಗಾಳಿಯನ್ನು ಕಾದು ಕುಳಿತಷ್ಟು ಆಸೆಯಿಂದ ಆ ಮನೆಯಲ್ಲಿ ಮಳೆಯನ್ನೂ ಯಾರೂ ಕಾದಿರಲಾರರು. ಅರ್ಧ ಗಂಟೆ ಕಳೆದ ಮೇಲೆ ದಿಗಂತದಲ್ಲಿ ಕೆಂಪೆದ್ದಿತು. ಹುಡುಗನ ಬೆರಳುಗಳು ಬಿಗಿಯಾದವು. ಧೂಳು ಪರದೆಯನ್ನೆಲ್ಲ ಮುಚ್ಚಿತು. ಕಾರಿನ ದೀಪ ಮಾತ್ರ ಮಿಣುಕಿತು. ಯಾರೂ ಉಸಿರಾಡಲಿಲ್ಲ. ಕಾರು ಓಡಿತು, ಓಡಿತು. ಧೂಳು ತೆಳುವಾಗಿ, ಆಚೆಯ ಕಡೆಯಲ್ಲಿ ನೀಲಿಯ ಆಕಾಶ ಕಂಡಿತು. ಈ ನೀಲಿ ಬೇರೆಯದು.

“ನೀವೊಂದು ಸಲ ಓಡಿಸಿ ಅಪ್ಪ” ಎಂದು ಹುಡುಗ ಎದ್ದು ಕುರ್ಚಿ ಬಿಟ್ಟುಕೊಟ್ಟ. ರಾಯರು ಬೇಡ ಬೇಡವೆನ್ನುತ್ತಲೇ ಕುಳಿತು, ಮೊದಲ ತಿರುವಿನಲ್ಲಿಯೇ ಕಾರನ್ನು ಪಾಪಾಸುಕಳ್ಳಿಯ ಹಿಂಡಿಗೆ ನುಗ್ಗಿಸಿದರು. ಮಜ್ಜಿಗೆಯ ಲೋಟ ಹಿಡಿದು ಬಂದ ಮನೆಯಾಕೆ, “ಇಷ್ಟಕ್ಕೆ ಮೂರು ವಾರವೆ?” ಎಂದರು.

ಮರುದಿನ ರಾಯರು ಕಡತವನ್ನು ಮುಗಿಸಲು ಕುಳಿತರು. ಹೊಸ ರಸೀದಿಯನ್ನು ಹಳೆಯದಕ್ಕೆ ಪೋಣಿಸಿದರು. ಕೆಳಗೆ ಒಂದು ಗೆರೆ ಎಳೆದು, ಎಡಗಡೆಗೆ ಮಗನ ಹೆಸರಿನಲ್ಲಿ 1,200, ಬಲಗಡೆಗೆ ತಮ್ಮ ಹೆಸರಿನಲ್ಲಿ 2,800 ಬರೆದರು. ಹುಡುಗ ಹೆಗಲ ಮೇಲಿಂದ ಬಗ್ಗಿ ನೋಡಿ, ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದ.

“ಹಾಗಾದರೆ ನೀವೇ ನನಗೆ ಸಾವಿರದ ಆರುನೂರು ಕೊಡಬೇಕಲ್ಲಪ್ಪ.”

ರಾಯರು ಕೆಂಪು ಪೆನ್ಸಿಲನ್ನು ಹುಡುಕತೊಡಗಿದರು.